ಮರೆವಿಗೆ ಅಂತ ಮಾರೋ ಅರಿಶಿನದ ಕ್ಯಾಪ್ಸೂಲ್, ನನ್ನ ರಿವ್ಯೂ (2/5)

ಮಾಲು ಚೆನ್ನಾಗಿದೆ, ಡಬ್ಬಿ ಮೇಲೆ ಬರ್ದಿರೋದು ಸರಿ ಇಲ್ಲ. ಅಮ್ಮಂಗೆ ಇತ್ತೀಚೆಗೆ ಮರೆವು ಜಾಸ್ತಿ ಆಗಿದೆ ಅಂತ ಆನ್‌ಲೈನಲ್ಲಿ ತರಿಸಿದ್ದು. ಒಂದು ಕ್ಯಾಪ್ಸೂಲಲ್ಲಿ 500 ಮಿಲಿಗ್ರಾಂ ಅರಿಶಿನದ ಸಾರ, ಅದರಲ್ಲಿ 95% ಕರ್ಕ್ಯುಮಿನಾಯ್ಡ್ (ಅಂದ್ರೆ ಕರ್ಕ್ಯುಮಿನ್ ಮತ್ತೆ ಅದರ ಜಾತಿಯ ಹಳದಿ ಬಣ್ಣಗಳು), ಜೊತೆಗೆ 5 ಮಿಲಿಗ್ರಾಂ ಪೈಪರಿನ್. ಒಂದನ್ನ ಬಿಚ್ಚಿ ತಟ್ಟೆಗೆ ಸುರಿದು ನೀರು, ಚೂರು ಎಲೆಸುಣ್ಣ ಹಾಕಿ ಕಲಸಿದೆ, ಆರತಿ ತಟ್ಟೆ ಓಕುಳಿ ತರ ತಕ್ಷಣ ಕಡುಗೆಂಪಾಯ್ತು, ಬೆರಳಿಗೆ ಹತ್ತಿದ ಹಳದಿ ಸೋಪಿಗೂ ಬಗ್ಗಲಿಲ್ಲ.

ಪೈಪರಿನ್ ಅಂದ್ರೆ ಕರಿಮೆಣಸಿನ ಖಾರ, ಅದನ್ನ ಹಾಕಿರೋದಕ್ಕೆ ಕಾರಣ ಇದೆ. ಕರ್ಕ್ಯುಮಿನ್ ಅನ್ನೋ ಆ ಹಳದಿ ಬಣ್ಣ ನೀರಲ್ಲಿ ಕರಗಲ್ಲ, ತಿಂದಿದ್ದರಲ್ಲಿ ರಕ್ತಕ್ಕೆ ಸೇರೋದೇ ತೀರಾ ಕಮ್ಮಿ, ಸೇರಿದ್ದನ್ನೂ ಲಿವರ್ ಬೇಗ ಹೊರಗೆ ಹಾಕ್ಬಿಡುತ್ತೆ. 1998ರಲ್ಲಿ ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನವರೇ 2 ಗ್ರಾಂ ಕರ್ಕ್ಯುಮಿನ್ ಜೊತೆ 20 ಮಿಲಿಗ್ರಾಂ ಪೈಪರಿನ್ ಕೊಟ್ಟು ನೋಡಿದಾಗ ರಕ್ತಕ್ಕೆ ಸೇರೋದು ಸುಮಾರು 20 ಪಟ್ಟು ಜಾಸ್ತಿ ಆಗಿತ್ತು. ಹೆಮ್ಮೆ ಪಡೋ ಕೆಲಸ ಅದು.

ಈಗ ಡಬ್ಬಿ ಮೇಲಿನ "ಮರೆವಿಗೆ ರಾಮಬಾಣ" ಅನ್ನೋ ಮಾತಿಗೆ ಬರೋಣ. ಇಲಿಗಳ ಮೆದುಳಲ್ಲಿ ಅಲ್ಜೈಮರ್ಸ್ ಅನ್ನೋ ಮರೆವಿನ ಕಾಯಿಲೆಯಲ್ಲಿ ಕಟ್ಟೋ ಅಮಿಲಾಯ್ಡ್ ಅನ್ನೋ ಪ್ರೋಟೀನ್ ಗಂಟುಗಳಿಗೆ ಈ ಬಣ್ಣ ಹೋಗಿ ಅಂಟ್ಕೊಳ್ಳುತ್ತೆ ಅನ್ನೋದು ನಿಜ. 2018ರಲ್ಲಿ ಅಮೆರಿಕದ ಯುಸಿಎಲ್ಎ ಯೂನಿವರ್ಸಿಟಿಯಲ್ಲಿ 40 ಜನರ ಮೇಲೆ 18 ತಿಂಗಳು ಪರೀಕ್ಷೆ ಮಾಡಿದ್ರು, ಕರ್ಕ್ಯುಮಿನ್ ತಗೊಂಡವರ ನೆನಪು ಸುಧಾರಿಸಿತ್ತು, ಆದ್ರೆ ಅವರ್ಯಾರಿಗೂ ಡಿಮೆನ್ಶಿಯಾ ಇರ್ಲಿಲ್ಲ, ಕೊಟ್ಟಿದ್ದೂ ಸುಲಭವಾಗಿ ಹೀರ್ಕೊಳ್ಳೋ ಬೇರೆ ತರದ್ದು. ಅಲ್ಜೈಮರ್ಸ್ ಬಂದವರಿಗೇ ದಿನಕ್ಕೆ 4 ಗ್ರಾಂವರೆಗೂ 24 ವಾರ ಕೊಟ್ಟ ಪರೀಕ್ಷೆ 2012ರಲ್ಲಿ ಬಂತು, ಏನೂ ಉಪಯೋಗ ಕಾಣಲಿಲ್ಲ. ಮನೆಯವರ ಹೆಸರೇ ಮರೀತಿರೋ ಹಿರಿಯರನ್ನ ನೋಡ್ಕೊಳ್ತಿರೋರು ಇಂಥ ಮಾತನ್ನ ನಂಬಿ ತಿಂಗಳು ತಿಂಗಳು ದುಡ್ಡು ಹಾಕ್ತಾರಲ್ಲ, ಅದಕ್ಕೇ ನಂಗೆ ಸಿಟ್ಟು.

ಇನ್ನೊಂದು ತಕರಾರು, ಡಬ್ಬಿ ಮೇಲೆ ಎಚ್ಚರಿಕೆ ಅಂತ ಒಂದು ಸಾಲೂ ಇಲ್ಲ. ಕಸ್ಟಮರ್ ಕೇರಿಗೆ ಫೋನ್ ಮಾಡಿದ್ರೆ "ನ್ಯಾಚುರಲ್ ಮೇಡಂ, ಏನೂ ಆಗಲ್ಲ" ಅಂದ್ರು. ಅರಿಶಿನ ಪುಡಿಯಲ್ಲಿ ಕರ್ಕ್ಯುಮಿನ್ ಇರೋದೇ ಸುಮಾರು 3%, ಅಂದ್ರೆ ಒಂದು ಕ್ಯಾಪ್ಸೂಲು ಸುಮಾರು 16 ಗ್ರಾಂ ಪುಡಿಗೆ ಸಮ, ಸಾರಿಗೆ ಅಷ್ಟು ಯಾರು ಹಾಕ್ತಾರೆ? ಪೈಪರಿನ್ ಸೇರಿಸಿದ ಇಂಥ ಕ್ಯಾಪ್ಸೂಲಿಂದ ಲಿವರ್‌ಗೆ ಪೆಟ್ಟಾದ ಕೇಸುಗಳು ಬೇರೆ ಬೇರೆ ದೇಶದಲ್ಲಿ ವರದಿ ಆಗಿವೆ. ರಕ್ತ ತೆಳು ಮಾಡೋ ಮಾತ್ರೆ ತಗೊಳ್ಳೋರು, ಪಿತ್ತಕೋಶದಲ್ಲಿ ಕಲ್ಲು ಇರೋರು ಡಾಕ್ಟರನ್ನ ಕೇಳ್ದೆ ಇದನ್ನ ಮುಟ್ಟಲೇಬೇಡಿ. ಅಮ್ಮಂಗೆ ನಾನು ಶುರು ಮಾಡಿಲ್ಲ, ಡಬ್ಬಿ ತಗೊಂಡು ನ್ಯೂರಾಲಜಿಸ್ಟ್ ಹತ್ರ ಹೋಗ್ತಿದೀನಿ, ಅವರು ಏನಂತಾರೆ ಅಂತ ಇಲ್ಲೇ ಅಪ್‌ಡೇಟ್ ಮಾಡ್ತೀನಿ.