ತಗಡು ನೋಡಿ ಎಂಜಿಬಿ ಕೊಳ್ಳಿ

ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರು ಬೇಕು, ಅದು ಶೆಡ್ಡಿನಲ್ಲಿ ನಿಲ್ಲದೆ ರಸ್ತೆಯಲ್ಲಿ ಓಡಲೂ ಬೇಕು ಅನ್ನುವವರಿಗೆ ಬ್ರಿಟನ್ನಿನಲ್ಲಿ ಮೊದಲು ಕೇಳಿಬರುವ ಹೆಸರು ಎಂಜಿಬಿ. ಇಂಗ್ಲೆಂಡಿನ ಆಬಿಂಗ್ಡನ್ ಊರಿನ ಎಂಜಿ ಕಾರ್ಖಾನೆಯಲ್ಲಿ 1962ರಿಂದ 1980ರವರೆಗೆ ಐದು ಲಕ್ಷಕ್ಕೂ ಹೆಚ್ಚು ಕಾರು ತಯಾರಾದವು. ಹಾಗಾಗಿ ಎಂಜಿನ್, ಬ್ರೇಕ್, ಸೀಟು, ಗಾಜು ಯಾವುದು ಕೆಟ್ಟರೂ ಹೊಸ ಭಾಗ ಸಿಗುತ್ತದೆ, ಸಾಮಾನ್ಯ ಸ್ಪ್ಯಾನರ್ ಸೆಟ್ಟಿನಲ್ಲೇ ಬಿಚ್ಚಿ ಜೋಡಿಸಬಹುದು. ತುಕ್ಕು ತಿಂದ ಬಾಡಿಯ ಕತೆ ಬೇರೆ. ಈ ಕಾರಿಗೆ ಪ್ರತ್ಯೇಕ ಚಾಸಿಸ್ ಇಲ್ಲ. ಬಾಗಿಲಿನ ಕೆಳಗೆ ಉದ್ದಕ್ಕೆ ಹೋಗುವ ಸಿಲ್ಲೇ ಅದರ ಬೆನ್ನುಮೂಳೆ. ಅಲ್ಲಿ ಸರಿಯಾದ ವೆಲ್ಡಿಂಗ್ ಮಾಡಿಸಹೊರಟರೆ ಖರ್ಚು ಕಾರಿನ ಬೆಲೆಯನ್ನೇ ದಾಟಬಹುದು.

ಸಿಲ್ ಒಂದೇ ತಗಡಲ್ಲ. ಹೊರಗಿನದು, ನಡುವಿನದು, ಒಳಗಿನದು ಎಂದು ಮೂರು ಪದರ, ಅಡಿಯಲ್ಲಿ ಕ್ಯಾಸಲ್ ರೈಲ್ ಎಂಬ ಪಟ್ಟಿ. ಕಳ್ಳ ಕೆಲಸದಲ್ಲಿ ಹೊರಗಿನ ಪದರ ಮಾತ್ರ ಹೊಸದಾಗಿರುತ್ತದೆ, ಒಳಗಿನವೆರಡು ಹಪ್ಪಳದಂತಾಗಿರುತ್ತವೆ. ಇದನ್ನು ಹಿಡಿಯಲು ಸುಲಭದ ಉಪಾಯವಿದೆ. ಗಟ್ಟಿ ಛಾವಣಿಯಿಲ್ಲದ ಓಪನ್ ಕಾರಾದರೆ ಸಿಲ್ಲಿನ ನಡುವಿನ ಜಾಕಿಂಗ್ ಪಾಯಿಂಟಿಗೆ ಜಾಕ್ ಕೊಟ್ಟು ಎತ್ತಿಸಿ, ಬಾಗಿಲಿನ ಹಿಂದಿನ ಸಂದನ್ನು ನೋಡುತ್ತಿರಿ. ಸಂದು ಕಿರಿದಾದರೆ, ಬಾಗಿಲು ತೆಗೆಯಲು ಬಿಗಿಯಾದರೆ ಕಾರು ನಡುವಿನಲ್ಲಿ ಬಾಗುತ್ತಿದೆ ಎಂದರ್ಥ. ಜಾಕ್ ಹಾಕಲು ಬೇಡವೆನ್ನುವ ಮಾರಾಟಗಾರರಿಗೆ ಉತ್ತರ ಮೊದಲೇ ಗೊತ್ತಿರುತ್ತದೆ. ಸಿಲ್ಲಿನ ಮೇಲೆ ಹೊಳೆಯುವ ಸ್ಟೇನ್‌ಲೆಸ್ ಸ್ಟೀಲ್ ಕವಚ ಕಂಡರಂತೂ ಮೇಲೆ ಥಳುಕು, ಒಳಗೆ ಹುಳುಕು ಎಂದೇ ಲೆಕ್ಕ ಹಾಕಿ ಶುರುಮಾಡಿ.

ಮುಂದಿನ ಚಕ್ರದ ಹಿಂದೆ ರೆಕ್ಕೆಯ, ಅಂದರೆ ಮಡ್ಗಾರ್ಡಿನ, ಒಳಗಡೆ ಕೆಸರು ಕೂರುತ್ತದೆ. ರೆಕ್ಕೆಯ ಕೆಳತುದಿ ಉಬ್ಬಿದ್ದರೆ ಅದರ ಹಿಂದಿನ ಸಿಲ್ ತುದಿಯೂ ಹೋಗಿರುತ್ತದೆ. ಬಟ್ಟೆ ಸುತ್ತಿದ ಸಣ್ಣ ಅಯಸ್ಕಾಂತ ಹಿಡಿದು ಸವರಿದರೆ ಪುಟ್ಟಿ ತುಂಬಿದ ಜಾಗ ಗೊತ್ತಾಗುತ್ತದೆ. ಸೀಟಿನ ಹಿಂದಿನ ಮುಚ್ಚಳ ತೆಗೆದು ಬ್ಯಾಟರಿ ಪೆಟ್ಟಿಗೆಗಳನ್ನೂ ನೋಡಿ. 1974ರವರೆಗೆ ಇಲ್ಲಿ 6 ವೋಲ್ಟಿನ ಎರಡು ಬ್ಯಾಟರಿ ಇರುತ್ತಿದ್ದವು, ಸೋರಿದ ಆ್ಯಸಿಡ್ ತಳವನ್ನೇ ತಿಂದಿರಬಹುದು. ಹಿಂದಿನ ಲೀಫ್ ಸ್ಪ್ರಿಂಗ್ ಕೂರುವ ಕಡೆ ತೂತಿದ್ದರೆ ಚೌಕಾಸಿಗೆ ಇಳಿಯದೆ ವಾಪಸ್ ಬನ್ನಿ. ತೀರಾ ಹಾಳಾದ ಕಾರಿಗೂ ದಾರಿಯಿಲ್ಲ ಎಂದಲ್ಲ: ವಿಟ್ನಿಯ ಬ್ರಿಟಿಷ್ ಮೋಟಾರ್ ಹೆರಿಟೇಜ್ ಸಂಸ್ಥೆ 1988ರಿಂದ ಮೂಲ ಅಚ್ಚುಗಳಲ್ಲೇ ಪೂರ್ತಿ ಹೊಸ ಬಾಡಿ ಒತ್ತಿಕೊಡುತ್ತಿದೆ. ಅಂಥ ಬಾಡಿಯ ಮೇಲೆ ಕಟ್ಟಿದ ಕಾರು ಬಿಲ್ ಸಮೇತ ಸಿಕ್ಕರೆ ಹೆಚ್ಚು ಹಣ ಕೊಟ್ಟರೂ ನಷ್ಟವಿಲ್ಲ.

1798 ಸಿಸಿಯ ಎಂಜಿನ್ ಎತ್ತಿನಂಥದ್ದು: ಓಟಗಾರನಲ್ಲ, ದುಡಿಮೆಗೆ ಬೇಸರಿಸುವುದಿಲ್ಲ. ಮೊದಲಿನವಕ್ಕೆ ಕ್ರ್ಯಾಂಕಿನಲ್ಲಿ ಮೂರು ಬೇರಿಂಗ್, 1964ರ ಕೊನೆಯಿಂದ ಐದು. ದಿನಬಳಕೆಗೆ ಐದರದ್ದೇ ವಾಸಿ. ಚೆನ್ನಾಗಿ ಬಿಸಿಯಾದ ಮೇಲೆ ಓಡುವಾಗ ಆಯಿಲ್ ಪ್ರೆಷರ್ 50 ಪಿಎಸ್‌ಐಗಿಂತ ಮೇಲೆ, ಕಾರು ನಿಂತು ಎಂಜಿನ್ ನಿಧಾನಕ್ಕೆ ತಿರುಗುವಾಗ 15ರಿಂದ 25 ಇದ್ದರೆ ಸಾಕು. ತಣ್ಣಗಿನ ಎಂಜಿನ್ನಿನಲ್ಲಿ ಮುಳ್ಳು ಎಷ್ಟು ಮೇಲಿದ್ದರೂ ಅದರಿಂದ ಏನೂ ತಿಳಿಯದು. ಹೆಡ್ಡಿನಲ್ಲಿ ಸೀಸರಹಿತ ಪೆಟ್ರೋಲಿಗೆ ತಕ್ಕ ಗಟ್ಟಿ ಎಕ್ಸಾಸ್ಟ್ ವಾಲ್ವ್ ಸೀಟ್ ಹಾಕಿಸಿದ್ದಾರೆಯೇ ಕೇಳಿ. ಹಾಕಿಸದಿದ್ದರೆ ಸೀಟು ಸವೆದು ವಾಲ್ವ್ ಮೇಲಕ್ಕೆ ಕೂರುತ್ತದೆ; 0.015 ಇಂಚಿಗೆ ಹೊಂದಿಸಿದ ಟ್ಯಾಪೆಟ್ ಸಂದು (ವಾಲ್ವಿಗೂ ಅದನ್ನು ಒತ್ತುವ ತೋಳಿಗೂ ನಡುವಿನ ಅಂತರ) ಪದೇ ಪದೇ ಕಮ್ಮಿಯಾಗುವುದೇ ಇದರ ಗುರುತು. ಬ್ರಿಟನ್ನಿನಲ್ಲಿ 2021ರಿಂದ ಸಾಮಾನ್ಯ ಪೆಟ್ರೋಲೇ ಇ10, ಅಂದರೆ ಶೇಕಡ 10ರವರೆಗೆ ಎಥನಾಲ್ ಬೆರೆತದ್ದು. ಅದರ ಎಥನಾಲ್ ಹಳೆಯ ರಬ್ಬರ್ ಪೈಪುಗಳನ್ನು ಬಿರಿಸುತ್ತದೆ, ಆದ್ದರಿಂದ ಸೂಪರ್ ದರ್ಜೆಯ ಇ5 ಹಾಕಿಸಿ, ಪೈಪುಗಳನ್ನೂ ಬದಲಿಸಿಬಿಡಿ.

ಎರಡು ಎಸ್‌ಯು ಕಾರ್ಬೊರೇಟರ್‌ಗಳಿಗೆ ಕೆಟ್ಟ ಹೆಸರು ಬಂದದ್ದು ತಿಳಿಯದವರು ಸ್ಕ್ರೂ ತಿರುಗಿಸಿದ್ದರಿಂದ. ಕಾರು ನಿಂತಲ್ಲೇ ಎಂಜಿನ್ನಿನ ವೇಗ ಏರಿಳಿದರೆ ಥ್ರಾಟಲ್ ಸ್ಪಿಂಡಲ್ ಎರಡೂ ತುದಿಯಲ್ಲಿ ಅಲ್ಲಾಡುತ್ತದೆಯೇ ನೋಡಿ. ಸವೆದ ಕಡೆ ಗಾಳಿ ಎಳೆಯುತ್ತಿದ್ದರೆ ಎಷ್ಟು ಟ್ಯೂನ್ ಮಾಡಿದರೂ ವ್ಯರ್ಥ. ಇಗ್ನಿಶನ್ ಹಾಕಿದಾಗ ಹಿಂದಿನ ಚಕ್ರದ ಹತ್ತಿರದ ಪೆಟ್ರೋಲ್ ಪಂಪ್ ಟಿಕ್ ಟಿಕ್ ಎಂದು ನಾಲ್ಕಾರು ಸಲ ಬಡಿದು ಸುಮ್ಮನಾಗಬೇಕು. ಬಡಿಯದಿದ್ದರೆ ಅದರ ಪಾಯಿಂಟ್ ಕರಕಲಾಗಿದೆ ಇಲ್ಲವೇ ಅರ್ತ್ ಸಡಿಲವಾಗಿದೆ. ಬಡಿತ ನಿಲ್ಲದಿದ್ದರೆ ಎಲ್ಲೋ ಸೋರುತ್ತಿದೆ, ಅಥವಾ ಫ್ಲೋಟ್ ವಾಲ್ವ್ ಮುಚ್ಚುತ್ತಿಲ್ಲ. ಲ್ಯೂಕಾಸ್ ಕಂಪನಿಯ ವೈರಿಂಗನ್ನು ಬೈಯುವುದು ಎಲ್ಲರಿಗೂ ರೂಢಿ. ಅರ್ತ್ ಕೂರುವ ಜಾಗಗಳನ್ನು ಉಜ್ಜಿ ಬಿಗಿ ಮಾಡಿದರೆ ಆ ಬೈಗುಳದ ಮುಕ್ಕಾಲು ಪಾಲು ತಗ್ಗುತ್ತದೆ. 1967ರ ಕೊನೆಗೆ ಮುಂಚಿನ ಕಾರುಗಳಲ್ಲಿ ಬಾಡಿಗೆ ಜೋಡಿಸಿರುವುದು ಬ್ಯಾಟರಿಯ ಪಾಸಿಟಿವ್ ಎನ್ನುವುದು ನೆನಪಿರಲಿ, ಹೊಸ ರೇಡಿಯೋ ಹಾಕಿದರೆ ಸುಟ್ಟೇ ಹೋಗುತ್ತದೆ.

ಓವರ್‌ಡ್ರೈವ್ ಇರುವ ಕಾರನ್ನೇ ಹುಡುಕಿ; ವೇಗದಲ್ಲಿ ಎಂಜಿನ್ನಿನ ಸುತ್ತು ತಗ್ಗಿಸುವ ಹೆಚ್ಚುವರಿ ಗೇರ್ ಅದು. ಗಂಟೆಗೆ 70 ಮೈಲಿಯಲ್ಲಿ ಅದಿಲ್ಲದೆ ಎಂಜಿನ್ ನಿಮಿಷಕ್ಕೆ ಸುಮಾರು 3900 ಸುತ್ತು ತಿರುಗುತ್ತದೆ, ಇದ್ದರೆ 3200. ಮೋಟರ್‌ವೇಯಲ್ಲಿ ಪಕ್ಕದಲ್ಲಿ ಕೂತವರ ಮಾತು ಕೇಳಿಸುವುದಕ್ಕೂ ಕೇಳಿಸದಿರುವುದಕ್ಕೂ ಇದೇ ವ್ಯತ್ಯಾಸ. ಕೆಲಸ ಮಾಡದಿದ್ದರೆ ಹೆದರಿ ಗೇರ್‌ಬಾಕ್ಸ್ ಬಿಚ್ಚಿಸಬೇಡಿ; ಮೊದಲು ಆಯಿಲ್ ಮಟ್ಟ, ವೈರು, ಗೇರ್‌ಬಾಕ್ಸ್ ಮೇಲಿನ ಸ್ವಿಚ್ಚು ನೋಡಿ. ಕ್ಲಚ್ಚಿನ ರಿಲೀಸ್ ಬೇರಿಂಗ್ ಮಾತ್ರ ಇಂಗಾಲದ ಉಂಗುರ. ಸಿಗ್ನಲ್ಲಿನಲ್ಲಿ ಪೆಡಲ್ ತುಳಿದೇ ನಿಲ್ಲುವ ಅಭ್ಯಾಸವಿದ್ದವರು ಅದನ್ನು ಬೇಗ ಸವೆಸುತ್ತಾರೆ, ಬದಲಿಸಲು ಎಂಜಿನ್ನೇ ಹೊರಗೆ ಬರಬೇಕು.

ಮುಂದಿನ ಚಕ್ರ ಎಡಬಲಕ್ಕೆ ಹೊರಳುವ ಕೀಲಾದ ಕಿಂಗ್‌ಪಿನ್‌ಗೆ 3000 ಮೈಲಿಗೊಮ್ಮೆ ಗ್ರೀಸ್ ಬೇಕು, ಅದೂ ಚಕ್ರವನ್ನು ನೆಲದಿಂದ ಎತ್ತಿ; ಭಾರ ಕೂತಿದ್ದರೆ ಗ್ರೀಸ್ ಬೇಕಾದ ಕಡೆ ಇಳಿಯುವುದಿಲ್ಲ. ಕೊಳ್ಳುವಾಗ ಚಕ್ರ ಎತ್ತಿ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ, ಇನ್ನೊಬ್ಬರು ಬ್ರೇಕ್ ತುಳಿಯಲಿ. ಆಟ ನಿಂತರೆ ವೀಲ್ ಬೇರಿಂಗ್, ಅದು ಸಣ್ಣ ಕೆಲಸ. ನಿಲ್ಲದಿದ್ದರೆ ಕಿಂಗ್‌ಪಿನ್. ಕಡ್ಡಿ ಚಕ್ರ ನೋಡಲು ಚಂದ, ಆದರೆ ಒಳಗಿನ ಹಲ್ಲು ಸವೆದಿರುತ್ತದೆ: ಹಿಂದಿನ ಚಕ್ರ ಎತ್ತಿ, ಹ್ಯಾಂಡ್‌ಬ್ರೇಕ್ ಎಳೆದು, ಹಿಂದೆ ಮುಂದೆ ತಿರುಗಿಸಿದಾಗ ಕಟಕ್ ಎಂದರೆ ಚಕ್ರವನ್ನಷ್ಟೇ ಅಲ್ಲ, ಅದು ಕೂರುವ ಹಬ್ಬನ್ನೂ ಬದಲಿಸಬೇಕು. ಹಳೆಯ ಹಬ್ಬಿಗೆ ಹೊಸ ಚಕ್ರ ಹಾಕಿದರೆ ಹೊಸದೂ ಬೇಗ ಕೆಡುತ್ತದೆ.

ಯಾವುದು ಕೊಳ್ಳಬೇಕು? ಹೆಸರು ಇರುವುದು ಕ್ರೋಮ್ ಬಂಪರಿನ ಓಪನ್ ಕಾರಿಗೆ, ಬೆಲೆಯೂ ಅದಕ್ಕೇ ಹೆಚ್ಚು. 1965ರಿಂದ ಬಂದ ಜಿಟಿಗೆ ಗಟ್ಟಿ ಛಾವಣಿ, ಹಿಂದೆ ಸಾಮಾನಿಗೆ ಜಾಗ, ಬಾಡಿಯೂ ಹೆಚ್ಚು ಬಿಗಿ, ಆದರೂ ಅಗ್ಗ. ಇದು ಕೊಳ್ಳುವವರ ಅದೃಷ್ಟ. 1974ರ ಕೊನೆಯಿಂದ ಬಂದ ಕಪ್ಪು ರಬ್ಬರ್ ಬಂಪರಿನವನ್ನು ಅಮೆರಿಕದ ನಿಯಮಕ್ಕಾಗಿ ಒಂದಿಂಚು ಎತ್ತರಿಸಿದ್ದರಿಂದ ತಿರುವಿನಲ್ಲಿ ಹೆಚ್ಚು ವಾಲುತ್ತವೆ. ಮುಂದೆ ಹಿಂದೆ ಎರಡೂ ಕಡೆ ವಾಲುವಿಕೆ ತಗ್ಗಿಸುವ ಆ್ಯಂಟಿ-ರೋಲ್ ಬಾರ್ ಬಂದ 1977ರ ಮಾದರಿಯಿಂದ ಆಚೆಗಿನವು ಅಷ್ಟು ಕೆಟ್ಟದಾಗಿಲ್ಲ. ತುಕ್ಕು ಹಿಡಿದ ಕ್ರೋಮ್ ಕಾರಿಗಿಂತ ಗಟ್ಟಿಯಾದ ರಬ್ಬರ್ ಬಂಪರ್ ಕಾರು ಯಾವಾಗಲೂ ಮೇಲು.

ಎಲ್ಲ ಎಂಜಿಬಿಗೂ ಈಗ 40 ವರ್ಷ ದಾಟಿದೆ. ಐತಿಹಾಸಿಕ ವಾಹನವೆಂದು ನೋಂದಾಯಿಸಿದರೆ ರಸ್ತೆ ತೆರಿಗೆ ಇಲ್ಲ, ಹೊಗೆ ಹೆಚ್ಚು ಬಿಡುವ ವಾಹನಗಳಿಗೆ ಲಂಡನ್ನಿನಲ್ಲಿರುವ ಯೂಲೆಜ್ ಶುಲ್ಕವಿಲ್ಲ, ದೊಡ್ಡ ಮಾರ್ಪಾಡು ಆಗಿರದಿದ್ದರೆ ವಾಹನ ಸುಸ್ಥಿತಿಯಲ್ಲಿದೆಯೇ ಎಂದು ನೋಡುವ ವರ್ಷದ ಎಂಒಟಿ ತಪಾಸಣೆಯೂ ಕಡ್ಡಾಯವಲ್ಲ. ಕೊನೆಯದು ರಿಯಾಯಿತಿಯೂ ಹೌದು, ಗುಂಡಿಯೂ ಹೌದು: ವರ್ಷಗಟ್ಟಲೆ ಯಾರೂ ಅಡಿ ನೋಡದ ಕಾರುಗಳು ಮಾರಾಟಕ್ಕಿವೆ. ಸರ್ಕಾರಿ ವೆಬ್‌ಸೈಟಿನಲ್ಲಿ ನೋಂದಣಿ ಸಂಖ್ಯೆ ಹಾಕಿ ಹಳೆಯ ಎಂಒಟಿ ಟಿಪ್ಪಣಿ ಪುಕ್ಕಟೆ ಓದಬಹುದು. ತುಕ್ಕಿನ ಮಾತು ಎಷ್ಟು ಸಲ ಬಂದಿದೆ, ಅದರ ನಂತರ ವೆಲ್ಡಿಂಗ್ ಬಿಲ್ ಇದೆಯೇ ತಾಳೆ ನೋಡಿ. ಹಣ ಕೊಡುವ ಮೊದಲು ನನ್ನ ಖರ್ಚಿನಲ್ಲೇ ಹೊಸದಾಗಿ ಎಂಒಟಿ ಮಾಡಿಸುತ್ತೇನೆ ಎನ್ನಿ. ಅದಕ್ಕೆ ಮಾರುವವರು ತಡವರಿಸಿದರೆ ಸಿಲ್ಲಿನ ಪಕ್ಕ ಇನ್ನೊಮ್ಮೆ ಮಂಡಿಯೂರಿ.