ಅಪ್ಪ ಇವತ್ತಿಗೂ ಸ್ವಂತ ಮನೇಲೇ ಇದಾರೆ ಅಂದ್ರೆ ಇವರಿಂದ – ನಾಲ್ಕು ವರ್ಷದ ಅನುಭವ

ಬೆಂಗಳೂರಿನ ಹನುಮಂತನಗರ, ಶ್ರೀನಗರ ಕಡೆ ವಯಸ್ಸಾದವರ ಮನೆಗಳಿಗೆ ಹೋಗಿ ಬರೋ ಈ ಸ್ವಯಂಸೇವಕರ ಗುಂಪಿನ ಬಗ್ಗೆ ಆಫೀಸಲ್ಲಿ, ನೆಂಟರಲ್ಲಿ ಕೇಳಿದವರಿಗೆಲ್ಲ ಫೋನಲ್ಲಿ ಹೇಳ್ತಾನೇ ಇದೀನಿ, ಈಗ ಒಂದ್ಸಲ ಎಲ್ಲಾ ಬರೆದು ಹಾಕ್ತಿದೀನಿ, ಸ್ವಲ್ಪ ಉದ್ದ ಆಗುತ್ತೆ.

ನಮಗೆ ಇವರ ಪರಿಚಯ ಆಗಿದ್ದು ಅಮ್ಮ ಬಾತ್‌ರೂಮಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರ್ಕೊಂಡಾಗ. ಆಪರೇಷನ್ ಆಯ್ತು, ನಾಲ್ಕೈದು ದಿನಕ್ಕೆ ಡಿಸ್ಚಾರ್ಜ್ ಅಂದ್ಬಿಟ್ರು, ಮನೇಲಿ ನೋಡಿದ್ರೆ ತೇಗದ ಮಂಚ ಬಿಟ್ರೆ ಏನೂ ಇಲ್ಲ. ಅಣ್ಣ ಅಮೆರಿಕಾದಲ್ಲಿ, ನಾನು ವೈಟ್‌ಫೀಲ್ಡಲ್ಲಿ, ಅಪ್ಪಂಗೆ ಆಗ್ಲೇ ಎಂಬತ್ತರ ಹತ್ರ. ಎದುರು ಮನೆ ಆಂಟಿ ನಂಬರ್ ಕೊಟ್ರು, ಫೋನ್ ಮಾಡಿದ ಮಾರನೇ ದಿನ ಒಂದು ಗೂಡ್ಸ್ ಆಟೋದಲ್ಲಿ ಫೌಲರ್ ಕಾಟ್ (ತಲೆ ಕಡೆ ಎತ್ತರಿಸೋಕೆ ಬರೋ ಆಸ್ಪತ್ರೆ ಮಂಚ), ಏರ್ ಬೆಡ್, ಕಮೋಡ್ ಚೇರ್, ವಾಕರ್ ಎಲ್ಲಾ ಬಂತು. ಬಾಡಿಗೆ ಇಲ್ಲ, ಒಂದಿಷ್ಟು ಡೆಪಾಸಿಟ್ ಅಷ್ಟೇ, ಅದೂ ವಾಪಸ್ ಕೊಟ್ರು. ಕಾಟ್ ಜೊತೆ ಬಂದಿದ್ದ ಒಬ್ರು ಮೇಡಂ, ರಿಟೈರ್ಡ್ ಸ್ಟಾಫ್ ನರ್ಸಂತೆ, ಹಾಸಿಗೆ ಹಾಕಿ ಹೋಗ್ಲಿಲ್ಲ, ನನ್ನ ಕೈಲೇ ಮಾಡಿಸಿದ್ರು. ಅಮ್ಮನ್ನ ಹಿಡಿದು ಎಳೀಬಾರ್ದು, ಕೆಳಗೆ ಹಾಸಿರೋ ಡ್ರಾ ಶೀಟ್ ಎರಡೂ ಕಡೆಯಿಂದ ಸುತ್ತಿ ಹಿಡ್ಕೊಂಡು ಒಟ್ಟಿಗೆ ಸರಿಸ್ಬೇಕು, ಆಪರೇಷನ್ ಆದ ಕಾಲು ಒಳಗಡೆಗೆ ಮಗುಚ್ಕೊಳ್ದಂಗೆ ಎರಡು ಕಾಲಿನ ಮಧ್ಯ ದಿಂಬು ಇಡ್ಬೇಕು, ಹಿಮ್ಮಡಿ ಹಾಸಿಗೆಗೆ ತಾಗದಂಗೆ ಮೀನಖಂಡದ ಕೆಳಗೆ ಒಂದು ಟವೆಲ್ ಸುರುಳಿ. "ಏರ್ ಬೆಡ್ ಇದೆ ಅಂತ ಎರಡು ಗಂಟೆಗೊಂದ್ಸಲ ಮಗ್ಗುಲು ಬದಲಾಯಿಸೋದು ಬಿಟ್ರೆ ಬೆಡ್ ಸೋರ್ ಬಂದೇ ಬರುತ್ತೆ ಕಣಮ್ಮಾ" ಅಂತ, ಅಂದ್ರೆ ಮಲಗಿದ್ದಲ್ಲೇ ಮಲಗಿ ಆಗೋ ಹುಣ್ಣಿನ ಬಗ್ಗೆ ಹೇಳಿ, ಗೋಡೆಗೆ ಒಂದು ಚಾರ್ಟ್ ಅಂಟಿಸಿ ಹೋದ್ರು. ಅಮ್ಮಂಗೆ ಕೊನೇವರೆಗೂ ಒಂದು ಹುಣ್ಣು ಆಗ್ಲಿಲ್ಲ. ಇದನ್ನ ನಾನು ಮರೆಯೋದು ಸಾಧ್ಯವೇ ಇಲ್ಲ.

ಆಗ ದುಡ್ಡು ಕೊಟ್ಟು ಒಂದು ಏಜೆನ್ಸಿಯಿಂದ ಹೋಮ್ ನರ್ಸನ್ನೂ ಇಟ್ಕೊಂಡಿದ್ವಿ. ತಿಂಗಳು ತುಂಬೋದ್ರೊಳಗೆ ಹುಡುಗಿ ಬದಲಾಗೋಳು, ಪ್ರತಿ ಸಲ ಅಮ್ಮನ ಮಾತ್ರೆ, ಊಟ, ಯಾವ ಕಡೆ ನೋವು ಎಲ್ಲಾ ಮೊದಲಿಂದ ಹೇಳ್ಬೇಕು, ಅಮ್ಮ ಹೊಸಬರನ್ನ ಕಂಡ್ರೆ ಮುಖ ತಿರುಗಿಸ್ಕೊಳ್ಳೋರು. ಇವರಲ್ಲಿ ಹಂಗಿಲ್ಲ. ಒಂದು ಮನೆಗೆ ಇಬ್ಬರು ಅಂತ ಹಾಕಿದ್ರೆ ವರ್ಷಾನುಗಟ್ಟಲೆ ಅವರೇ ಬರ್ತಾರೆ, ಅದೇ ದಿನ ಅದೇ ಹೊತ್ತಿಗೆ. ವಯಸ್ಸಾದವರಿಗೆ ಸಹಾಯಕ್ಕಿಂತ ಮುಂಚೆ ಬೇಕಾಗಿರೋದು ಗುರುತಿನ ಮುಖ ಅಂತ ನನಗೆ ಅನ್ಸಿದ್ದೇ ಆವಾಗ.

ಅಮ್ಮ ತೀರ್ಕೊಂಡ ಮೇಲೆ ಅಪ್ಪನ್ನ ನಮ್ಮ ಫ್ಲಾಟಿಗೆ ಬನ್ನಿ ಅಂತ ಎಷ್ಟು ಕೇಳಿದ್ರೂ ಒಪ್ಲಿಲ್ಲ. ಅವರಿಗೆ ಆ ರಸ್ತೆ, ಕುಮಾರಸ್ವಾಮಿ ದೇವಸ್ಥಾನದ ಗಂಟೆ, ಗಾಂಧಿ ಬಜಾರಿನ ತರಕಾರಿ, ಬೇರೆ ಕಡೆ ಬದುಕೋಕೆ ಬರಲ್ಲ ಅಂದ್ಬಿಟ್ರು. 2023ರ ಅಕ್ಟೋಬರಲ್ಲಿ ಮೆಟ್ರೋ ಪರ್ಪಲ್ ಲೈನ್ ಪೂರ್ತಿ ಆದ್ಮೇಲೆ ಮೆಜೆಸ್ಟಿಕ್ಕಲ್ಲಿ ಗ್ರೀನ್ ಲೈನ್ ಹಿಡಿದು ನ್ಯಾಷನಲ್ ಕಾಲೇಜಲ್ಲಿ ಇಳಿದು ಹೋಗ್ಬರೋದು ಸುಲಭ ಆಗಿದೆ ನಿಜ, ಆದ್ರೂ ದಿನಾ ಆಗುತ್ತಾ? ವಾರದ ಮಧ್ಯದಲ್ಲಿ ಅಪ್ಪನ ಮನೆ ಬಾಗಿಲು ತಟ್ಟೋರು ಇವರೇ.

ಬರೋರು ಒಬ್ರು ರಿಟೈರ್ಡ್ ಬ್ಯಾಂಕ್ ಆಫೀಸರ್, ಅಪ್ಪ ಅವರನ್ನ ರಾಯ್ರೇ ಅಂತಾರೆ, ಅವರು ಅಪ್ಪನ್ನ ಮೇಷ್ಟ್ರೇ ಅಂತಾರೆ, ಅಪ್ಪ ಮೇಷ್ಟ್ರಾಗಿರ್ಲಿಲ್ಲ, ಫ್ಯಾಕ್ಟರೀಲಿದ್ದೋರು, ಆದ್ರೆ ಎಲ್ಲಾದಕ್ಕೂ ತಿದ್ದುಪಡಿ ಹೇಳ್ತಾರೆ ಅಂತ. ಅಪ್ಪಂಗೆ ಗ್ಲಾಕೋಮಾ, ಅಕ್ಷರ ಕಾಣಲ್ಲ. ರಾಯರು ಪೇಪರ್ ಜೋರಾಗಿ ಓದ್ತಾರೆ, ಮಧ್ಯ ಮಧ್ಯ ನಿಲ್ಸಿ "ಏನಂತೀರಿ ಮೇಷ್ಟ್ರೇ?" ಅಂತ ಕೇಳ್ತಾರೆ, ಆ ಪ್ರಶ್ನೆಗೆ ಅಪ್ಪ ಅರ್ಧ ಗಂಟೆ ಮಾತಾಡ್ತಾರೆ. ಓದ್ತಾ ಓದ್ತಾನೇ ರಾಯರ ಕಣ್ಣು ಮಾತ್ರೆ ಡಬ್ಬಿ ಮೇಲೆ ಇರುತ್ತೆ, ಮಂಗಳವಾರದ ಖಾನೆ ಖಾಲಿ ಆಗಿಲ್ಲ ಅಂದ್ರೆ ಸಂಜೆ ನನಗೆ ಮೆಸೇಜ್. ಅಪ್ಪನ ಕಾಲು ಊದಿದೆ ಅಂತ ಮೊದಲು ಗಮನಿಸಿದ್ದೂ ಅವರೇ, ಡಾಕ್ಟರಿಗೆ ತೋರಿಸಿ ಬಿಪಿ ಮಾತ್ರೆ ಬದಲಾಯಿಸಿದ್ಮೇಲೆ ಇಳೀತು.

ಪೆನ್ಷನ್ ಕೆಲಸ ಇನ್ನೊಂದು. ಅಪ್ಪಂದು ಪಿಎಫ್ ಪೆನ್ಷನ್, ವರ್ಷಕ್ಕೊಂದ್ಸಲ ಬದುಕಿದೀನಿ ಅಂತ ಲೈಫ್ ಸರ್ಟಿಫಿಕೇಟ್ ಕೊಡ್ಬೇಕು, ಬೆರಳಿನ ಗೆರೆ ಎಲ್ಲಾ ಸವೆದು ಮೆಷಿನ್ ತಗೊಳ್ತಾನೇ ಇರ್ಲಿಲ್ಲ, ಕ್ಯೂನಲ್ಲಿ ನಿಂತು ವಾಪಸ್ ಬರೋದು. ಇವರ ಗುಂಪಿನ ಒಬ್ಬ ಹುಡುಗ ಮನೆಗೇ ಬಂದು ಮೊಬೈಲಲ್ಲಿ ಜೀವನ್ ಪ್ರಮಾಣ್ ಆಪ್ ಹಾಕಿ ಮುಖ ತೋರಿಸಿ ಮುಗಿಸಿಕೊಟ್ಟ. ಪಿಎಫ್ ಪೆನ್ಷನ್ನೋರು ನವೆಂಬರೇ ಕಾಯ್ಬೇಕು ಅಂತಿಲ್ಲ, ಯಾವ ತಿಂಗಳು ಕೊಟ್ರೂ ಅಲ್ಲಿಂದ ಒಂದು ವರ್ಷ ನಡೆಯುತ್ತೆ ಅಂತ ಗೊತ್ತಾಗಿದ್ದೂ ಅವನಿಂದ. ಪಕ್ಕದ ರಸ್ತೆ ಅಜ್ಜಿ ಒಬ್ರು, ನೋಡ್ಕೊಳ್ತೀವಿ ಅಂದ ಮಕ್ಕಳಿಗೆ ಮನೆ ದಾನಪತ್ರ ಮಾಡ್ಕೊಟ್ಟು ಆಮೇಲೆ ಹೊತ್ತಿನ ಊಟಕ್ಕೂ ಕಷ್ಟಪಡ್ತಿದ್ರು, ಅವರಿಗೆ 2007ರ ಹಿರಿಯ ನಾಗರಿಕರ ಕಾಯ್ದೆ ಇದೆ, ಉಪವಿಭಾಗಾಧಿಕಾರಿ ಹತ್ರ ಅರ್ಜಿ ಹಾಕಬಹುದು, ನೋಡ್ಕೊಳ್ಬೇಕು ಅನ್ನೋ ಷರತ್ತಿನ ಮೇಲೆ ಬರ್ಕೊಟ್ಟಿದ್ರೆ ಪತ್ರ ರದ್ದು ಮಾಡಿಸೋಕೂ ಅವಕಾಶ ಇದೆ ಅಂತ ಹೇಳಿ ಜೊತೇಲೇ ಕರ್ಕೊಂಡು ಹೋದ್ರು.

ಕೊರತೆ ಇಲ್ವಾ ಅಂದ್ರೆ ಇದೆ. ರಾತ್ರಿ ಯಾರೂ ಸಿಗಲ್ಲ, ಭಾನುವಾರ ಫೋನ್ ಎತ್ತೋದು ಅನುಮಾನ. ಇಂಜೆಕ್ಷನ್, ಕ್ಯಾಥೆಟರ್, ಡ್ರೆಸಿಂಗ್ ಯಾವುದೂ ಮುಟ್ಟಲ್ಲ, ಎಟಿಎಂ ಕಾರ್ಡ್ ಕೊಟ್ಟು ದುಡ್ಡು ತಂದ್ಕೊಡಿ ಅಂದ್ರೂ ಮುಟ್ಟಲ್ಲ. ಕೆಲವರು ಇದಕ್ಕೆ ಬೇಜಾರು ಮಾಡ್ಕೊಳ್ತಾರೆ, ನನಗೆ ಆ ಕಟ್ಟುನಿಟ್ಟು ಸರಿ ಅನ್ಸುತ್ತೆ, ಅದಿಲ್ದಿದ್ರೆ ಒಂಟಿ ಮುದುಕರ ಮನೆಯೊಳಗೆ ಹೊರಗಿನವರನ್ನ ನಂಬಿ ಬಿಡೋಕಾಗುತ್ತಾ. ಕಾಟ್‌ಗೆ ವೇಟಿಂಗ್ ಇರುತ್ತೆ, ನಮ್ಮ ಪುಣ್ಯ ತಕ್ಷಣ ಸಿಕ್ತು. ವಾಕರ್ ತಂದಾಗ ಕಾಲಿನ ರಬ್ಬರ್ ಬುಷ್ ಸವೆದಿದೆಯಾ ನೋಡಿ, ನಮ್ಮದು ಸವೆದಿತ್ತು, ಹೊಸದು ಹಾಕಿಸ್ದೆ, ಟೈಲ್ಸ್ ಮೇಲೆ ಅದು ಜಾರಿದ್ರೆ ಇನ್ನೊಂದು ಮೂಳೆ ಹೋಗುತ್ತೆ.

ನನಗೆ ನಿಜವಾಗ್ಲೂ ಚಿಂತೆ ಇರೋದು ಬೇರೆ. ಬರೋ ಸ್ವಯಂಸೇವಕರಲ್ಲಿ ಮುಕ್ಕಾಲು ಜನ ಅರವತ್ತು ದಾಟಿದವರೇ. ಹೋದ ವರ್ಷ ರಾಯರಿಗೇ ಮಂಡಿ ಆಪರೇಷನ್ ಆಗಿ ಎರಡು ತಿಂಗಳು ಬರೋಕಾಗ್ಲಿಲ್ಲ, ಬದಲಿಗೆ ಕಳ್ಸೋಕೆ ಜನ ಇಲ್ದೆ ಅಪ್ಪ ಆ ಅಷ್ಟೂ ದಿನ ಪೇಪರ್ ಮಡಚಿ ಇಟ್ಟಿದ್ರು. ವಾರಕ್ಕೆ ಎರಡು ಗಂಟೆ ಕೊಡೋ ಮೂವತ್ತು ನಲವತ್ತರ ವಯಸ್ಸಿನವರು ಬೇಕು ಇವರಿಗೆ, ದುಡ್ಡಿಗಿಂತ ಜಾಸ್ತಿ ಅದು ಬೇಕು. ನಾನು ಈಗ ತಿಂಗಳಲ್ಲಿ ಎರಡು ಶನಿವಾರ ಅಪ್ಪನ ಮನೆಗೆ ಹೋದಾಗ ಅದೇ ರಸ್ತೆಯ ಇನ್ನೊಂದು ಮನೆಗೂ ಹೋಗ್ತಿದೀನಿ.

ಹಣ ಕೊಡೋರು ತೆರಿಗೆ ವಿನಾಯಿತಿಗೆ 80ಜಿ ರಸೀದಿ ಕೇಳಿ, ಕೊಡ್ತಾರೆ, ಆದ್ರೆ 2,000ಕ್ಕಿಂತ ಜಾಸ್ತಿ ಕ್ಯಾಶ್ ಕೊಟ್ರೆ ವಿನಾಯಿತಿ ಸಿಗಲ್ಲ, ಹೊಸ ಟ್ಯಾಕ್ಸ್ ಪದ್ಧತೀಲಿ ಇರೋರಿಗೆ ಹೆಂಗೂ ಇಲ್ಲ. ಬೇರೆ ಏರಿಯಾದವರು 1090ಕ್ಕೆ ಮಾಡಿ, ನಗರ ಪೊಲೀಸ್ ಮತ್ತೆ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಸೇರಿ 2002ರಲ್ಲಿ ಶುರು ಮಾಡಿದ ಹಿರಿಯರ ಸಹಾಯವಾಣಿ ಅದು, ಇಲ್ಲಾಂದ್ರೆ ಇಡೀ ದೇಶಕ್ಕಿರೋ 14567.

ಇವರಿಗೆ ಫೋನ್ ಮಾಡೋದಾದ್ರೆ ಬೆಳಗ್ಗೆ ಹತ್ತರ ಮೇಲೆ ಮಾಡಿ, ಡಿಸ್ಚಾರ್ಜ್ ಸಮ್ಮರಿ ಕೈಲಿಟ್ಕೊಂಡಿರಿ. ಎಷ್ಟನೇ ಫ್ಲೋರು, ಲಿಫ್ಟ್ ಇದೆಯಾ, ರಾತ್ರಿ ಜೊತೇಲಿ ಯಾರು ಮಲಗ್ತಾರೆ ಅಂತೆಲ್ಲಾ ಕೇಳ್ತಾರೆ. ಬಾತ್‌ರೂಮ್ ಬಾಗಿಲಿನ ಅಗಲ ಟೇಪಲ್ಲಿ ಅಳೆದು ಇಟ್ಕೊಳ್ಳಿ, ನಮ್ಮ ಕಡೆ ಹಳೇ ಮನೆಗಳಲ್ಲಿ ಎರಡಡಿ ಬಾಗಿಲು, ವ್ಹೀಲ್‌ಚೇರ್ ಒಳಗೆ ಹೋಗಲ್ಲ, ಅದನ್ನ ಮೊದಲೇ ಹೇಳಿದ್ರೆ ಕಮೋಡ್ ಚೇರನ್ನೂ ಜೊತೇಲೇ ಕಳ್ಸ್ತಾರೆ.