ವಯಸ್ಸಾದವರನ್ನು ಮಾರು ಎನ್ನುವ ಕ್ಯಾಲ್ಕುಲೇಟರ್: ಎರಡು ಸೀಸನ್ ಬಳಸಿದ ಮೇಲೆ

ವರ್ಷಕ್ಕೆ ನಲವತ್ತು ಡಾಲರ್ ಕಟ್ಟಿಸಿಕೊಳ್ಳುವ ಸೇವೆಯೊಂದು, ನನ್ನ ತಂಡಕ್ಕೆ ಅತಿ ಹೆಚ್ಚು ಅಂಕ ತಂದುಕೊಡುವ ಆಟಗಾರನನ್ನೇ ಮಾರಿಬಿಡು ಎಂದು ವಾರವಾರವೂ ಪೀಡಿಸಿದರೆ ಸಿಟ್ಟು ಬಾರದೆ ಇರುತ್ತದೆಯೇ? ಡೈನಾಸ್ಟಿ ಫ್ಯಾಂಟಸಿ ಫುಟ್‌ಬಾಲ್ ಆಡುವವರಿಗಾಗಿ ಇರುವ ಟ್ರೇಡ್ ಕ್ಯಾಲ್ಕುಲೇಟರ್ ಇದು, ಆಟಗಾರರ ಕೊಡುಕೊಳ್ಳುವಿಕೆಯಲ್ಲಿ ಲಾಭ ಯಾರದೆಂದು ಲೆಕ್ಕ ಹಾಕುವಂಥದ್ದು. ಜೊತೆಗೆ ತಂಡವನ್ನು ಅಳೆದು ಮುಂದಿನ ಮೂರು ವರ್ಷದ ಭವಿಷ್ಯ ಹೇಳುವ ಪುಟವೂ ಇದೆ. ಹೆಸರು ಬರೆಯುವುದಿಲ್ಲ. ಇಂಥವು ಹಲವು ಇವೆ. ಆಡುವವರಿಗೆ ಯಾವುದೆಂದು ಊಹೆಯಾದರೆ ಆಗಲಿ. 2023ರ ವಸಂತದಲ್ಲಿ ಕೊಂಡೆ, ಎರಡು ಸೀಸನ್ ಪೂರ್ತಿ ಬಳಸಿದ್ದೇನೆ, ಈಗ ಮತ್ತೆ ನವೀಕರಣದ ಸೂಚನೆ ಬಂದಿದೆ.

ಡ್ರೀಮ್ ಇಲೆವೆನ್ ಮಾತ್ರ ಗೊತ್ತಿರುವವರಿಗೆ ಎರಡು ಮಾತು. ಅಲ್ಲಿ ಕಟ್ಟಿದ ತಂಡದ ಆಯಸ್ಸು ಒಂದು ಪಂದ್ಯ. ಡೈನಾಸ್ಟಿಯಲ್ಲಿ ಒಮ್ಮೆ ಆರಿಸಿಕೊಂಡ ಎನ್‌ಎಫ್‌ಎಲ್ (ಅಮೆರಿಕನ್ ಫುಟ್‌ಬಾಲ್ ಲೀಗ್) ಆಟಗಾರ, ನೀವು ಮಾರುವವರೆಗೆ ಅಥವಾ ಕೈಬಿಡುವವರೆಗೆ ನಿಮ್ಮವನೇ. ಅವನ ಮಂಡಿ ಮುರಿದರೂ, ಅವನ ಕೋಚ್ ಬದಲಾದರೂ ಸಂಕಟ ನಿಮ್ಮದೇ. ಪ್ರತಿ ಏಪ್ರಿಲ್ ಕೊನೆಗೆ ಎನ್‌ಎಫ್‌ಎಲ್ ಡ್ರಾಫ್ಟ್ (ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವುದು) ಮುಗಿದ ಮೇಲೆ ಆ ವರ್ಷದ ಹೊಸಬರನ್ನು ನಾವು ನಮ್ಮೊಳಗೆ ಹಂಚಿಕೊಳ್ಳುತ್ತೇವೆ; ಹಿಂದಿನ ವರ್ಷ ಕೊನೆಯಲ್ಲಿ ನಿಂತವನಿಗೆ ಮೊದಲ ಆಯ್ಕೆ. ಆ ಆಯ್ಕೆಯ ಹಕ್ಕುಗಳನ್ನೂ (ಪಿಕ್‌ಗಳನ್ನು) ಮಾರಬಹುದು, ಇನ್ನೂ ಹುಟ್ಟದ ವರ್ಷಗಳವನ್ನು ಕೂಡ. ಹಾಗಾಗಿ ತಂಡವನ್ನು ಅಳೆಯುವುದೆಂದರೆ ಈ ಭಾನುವಾರದ ಅಂಕವನ್ನೂ 2027ರ ಅಂಕವನ್ನೂ ಒಂದೇ ತಕ್ಕಡಿಗೆ ಹಾಕುವ ಕೆಲಸ. ನಾನು ಡಾಲಸ್ ಹತ್ತಿರ ಇದ್ದೇನೆ. ನಮ್ಮದು ಹನ್ನೆರಡು ಜನರ ಲೀಗ್, ಹೆಚ್ಚಿನವರು ಕಚೇರಿಯವರು. ಕನ್ನಡದವರು ನಾನು ಮತ್ತು ದಾವಣಗೆರೆಯ ಒಬ್ಬ ಗೆಳೆಯ. ಸೂಪರ್‌ಫ್ಲೆಕ್ಸ್ ಪದ್ಧತಿ, ಅಂದರೆ ವಾರಕ್ಕೆ ಇಬ್ಬರು ಕ್ವಾರ್ಟರ್‌ಬ್ಯಾಕ್‌ಗಳನ್ನು (ಚೆಂಡು ಎಸೆದು ಆಟ ನಡೆಸುವವರನ್ನು) ಇಳಿಸಬಹುದು. ಎನ್‌ಎಫ್‌ಎಲ್‌ನಲ್ಲಿ ತಂಡಗಳು 32, ತಂಡಕ್ಕೊಬ್ಬನೇ ಮುಖ್ಯ ಕ್ವಾರ್ಟರ್‌ಬ್ಯಾಕ್, ನಮ್ಮ ಹನ್ನೆರಡು ಜನಕ್ಕೇ 24 ಕ್ವಾರ್ಟರ್‌ಬ್ಯಾಕ್‌ಗಳು ಬೇಕು. ಆ ಕೊರತೆಯಿಂದ ಸಾಧಾರಣ ಕ್ವಾರ್ಟರ್‌ಬ್ಯಾಕ್‌ಗೂ ಚಿನ್ನದ ಬೆಲೆ. ಇದನ್ನು ಕ್ಯಾಲ್ಕುಲೇಟರ್ ಸರಿಯಾಗಿಯೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ, ಅದರ ಮೇಲೆ ತಕರಾರಿಲ್ಲ.

ಮೊದಲು ಇಷ್ಟವಾದದ್ದನ್ನು ಹೇಳಿಬಿಡುತ್ತೇನೆ. ಸೀಸನ್ ನಡೆಯುವಾಗ ಬುಧವಾರದ ನಸುಕು ನನಗೆ ವಾರದ ಅತ್ಯಂತ ಪ್ರಿಯವಾದ ಹೊತ್ತು. ಯಾರ ಬಳಿಯೂ ಇಲ್ಲದ ಆಟಗಾರರಿಗೆ ನಾವು ಗುಟ್ಟಾಗಿ ಹಾಕಿದ ಬಿಡ್‌ಗಳು ಆ ರಾತ್ರಿ ತೆರೆದುಕೊಂಡಿರುತ್ತವೆ. ಮನೆಯವರು ಏಳುವ ಮುನ್ನ ಡಿಕಾಕ್ಷನ್ ಇಳಿಯಲು ಬಿಟ್ಟು, ಹಾಲು ಕಾಯುವಷ್ಟರಲ್ಲಿ ಯಾರು ಯಾರಿಗೆ ಎಷ್ಟು ಸುರಿದರು ಎಂದು ಓದುವುದು, ಲೋಟ ಹಿಡಿದು ಕೂತ ಮೇಲೆ ಈ ಸೇವೆಯ ವಯಸ್ಸಿನ ಪುಟ ತೆರೆಯುವುದು. ಆ ಪುಟ ಮಾಡಿದವರಿಗೆ ನನ್ನ ನಮಸ್ಕಾರ. ಕ್ವಾರ್ಟರ್‌ಬ್ಯಾಕ್, ಚೆಂಡು ಹಿಡಿದು ಓಡುವ ರನ್ನಿಂಗ್ ಬ್ಯಾಕ್, ಎಸೆದ ಚೆಂಡನ್ನು ಹಿಡಿಯುವ ರಿಸೀವರ್, ಹಿಡಿಯುವುದನ್ನೂ ಎದುರಾಳಿಯನ್ನು ತಡೆಯುವುದನ್ನೂ ಮಾಡುವ ಟೈಟ್ ಎಂಡ್ ಎಂದು ನಾಲ್ಕು ಸಾಲು. ಪ್ರತಿ ಆಟಗಾರ ಒಂದು ಚುಕ್ಕಿ. ಎಡಕ್ಕೆ ಇಪ್ಪತ್ತೊಂದು ವರ್ಷ, ಬಲಕ್ಕೆ ನಲವತ್ತು. ಹುಟ್ಟುಹಬ್ಬದ ದಿನ ಚುಕ್ಕಿ ಒಂದು ಮನೆ ಬಲಕ್ಕೆ ಸರಿಯುತ್ತದೆ. ರನ್ನಿಂಗ್ ಬ್ಯಾಕ್ ಸಾಲಿನಲ್ಲಿ ಇಪ್ಪತ್ತಾರರ ಆಚೆ ನೆಲ ಕೆಂಪಾಗುತ್ತದೆ, ರಿಸೀವರ್ ಸಾಲಿನಲ್ಲಿ ಮೂವತ್ತರ ಹತ್ತಿರ, ಕ್ವಾರ್ಟರ್‌ಬ್ಯಾಕ್ ಸಾಲಿನಲ್ಲಿ ಬಹಳ ದೂರದವರೆಗೆ ಹಸಿರೇ. ತಂಡ ಯಾವ ವರ್ಷ ಎಲ್ಲಿ ಕುಸಿಯುತ್ತದೆ ಎಂಬುದು ಒಂದೇ ನೋಟಕ್ಕೆ ಸಿಗುತ್ತದೆ. 2026ರಲ್ಲಿ ನನ್ನ ಮೂವರು ರಿಸೀವರ್‌ಗಳು ಒಟ್ಟಿಗೆ ಕೆಂಪು ಗೆರೆ ದಾಟುತ್ತಾರೆಂದು ಈ ಪುಟ ಹೇಳದಿದ್ದರೆ ಅವರಲ್ಲೊಬ್ಬನನ್ನು ಈಗಲೇ ಮಾರಲು ನಾನು ಮನಸ್ಸು ಮಾಡುತ್ತಿರಲಿಲ್ಲ.

ಪುಕಾ ನಕುವಾ ವಿಷಯದಲ್ಲಂತೂ ಇದರ ವೇಗ ಮೆಚ್ಚಿದೆ. 2023ರ ಡ್ರಾಫ್ಟ್‌ನ ಐದನೇ ಸುತ್ತಿನಲ್ಲಿ, 177ನೆಯವರಾಗಿ ರ್‍ಯಾಮ್ಸ್ ತಂಡ ಸೇರಿದ ರಿಸೀವರ್ ಹುಡುಗ. ನಮ್ಮ ಲೀಗ್‌ನಲ್ಲಿ ಯಾರೂ ಮುಟ್ಟಿರಲಿಲ್ಲ. ಅಲ್ಲಿನ ಮುಖ್ಯ ರಿಸೀವರ್ ಕೂಪರ್ ಕಪ್ ಗಾಯಗೊಂಡಿದ್ದರಿಂದ ಮೊದಲ ಪಂದ್ಯಕ್ಕೇ ಜಾಗ ಸಿಕ್ಕಿ ಹತ್ತು ಕ್ಯಾಚ್ ಹಿಡಿದರು, ಮುಂದಿನ ಪಂದ್ಯದಲ್ಲಿ ಹದಿನೈದು. ವರ್ಷದ ಕೊನೆಗೆ 105 ಕ್ಯಾಚ್, 1,486 ಯಾರ್ಡ್. ಹೊಸಬರ ಮಟ್ಟಿಗೆ ಎರಡೂ ಆಗ ದಾಖಲೆ. ಕ್ಯಾಚ್‌ಗಳ ದಾಖಲೆಯನ್ನು ಮರುವರ್ಷವೇ ರೇಡರ್ಸ್‌ನ ಬ್ರಾಕ್ ಬವರ್ಸ್ 112ಕ್ಕೆ ಏರಿಸಿದರು. ನಕುವಾ ಬೆಲೆಯನ್ನು ಸೇವೆ ಒಂದೇ ವಾರದಲ್ಲಿ ಮೇಲೆತ್ತಿತು. ಎಳೆಯರ ಬೆಲೆ ಏರಿಸುವುದರಲ್ಲಿ ಅದಕ್ಕೆ ಯಾವತ್ತೂ ಜಿಪುಣತನವಿಲ್ಲ.

ತೊಂದರೆ ಇರುವುದು ಅಲ್ಲೇ. ಎಳೆಯರಾದರೆ ಸಾಕು, ಅದರ ಕೈ ಧಾರಾಳ. ಅಟ್ಲಾಂಟಾದ ಟೈಟ್ ಎಂಡ್ ಕೈಲ್ ಪಿಟ್ಸ್ 2021ರಲ್ಲಿ ನಾಲ್ಕನೆಯವರಾಗಿ ಆಯ್ಕೆಯಾಗಿ ಮೊದಲ ವರ್ಷ 1,026 ಯಾರ್ಡ್ ಗಳಿಸಿದರು, ನಿಜ. ಅದಾದ ಮೇಲೆ ಮೂರು ವರ್ಷ ಆ ಎತ್ತರದ ಹತ್ತಿರವೂ ಸುಳಿಯಲಿಲ್ಲ. ಆದರೂ ನಾನು ಕೊಂಡ ವರ್ಷವೆಲ್ಲ ಇವರ ಬೆಲೆ, ವಾರವಾರವೂ ಅಂಕ ತರುತ್ತಿದ್ದ ಹಳಬರನ್ನು ನಾಚಿಸುವಂತಿತ್ತು. ‘ವಯಸ್ಸಿದೆ’ ಎಂಬುದೊಂದೇ ಸಮರ್ಥನೆ.

ಹಳಬರ ಪಾಡು ಇದರ ತಿರುಗುಮುರುಗು. ರನ್ನಿಂಗ್ ಬ್ಯಾಕ್ ಸೇಕ್ವಾನ್ ಬಾರ್ಕ್ಲಿ ಮೊದಲಿನಿಂದಲೂ ನನ್ನ ತಂಡದಲ್ಲಿದ್ದಾರೆ. 2024ರ ಮಾರ್ಚ್‌ನಲ್ಲಿ ಅವರು ಜೈಂಟ್ಸ್ ಬಿಟ್ಟು ಈಗಲ್ಸ್ ಸೇರಿದಾಗ, ಆ ಈಗಲ್ಸ್‌ನ ಗಟ್ಟಿ ತಡೆಗೋಡೆಯ ಹಿಂದೆ ಓಡಲು ಸಿಕ್ಕಿದ್ದು ಎಂಥ ಭಾಗ್ಯವೆಂದು ಆಟ ನೋಡುವ ಯಾರಿಗಾದರೂ ತಿಳಿಯುತ್ತಿತ್ತು. ಸೇವೆಯ ಪುಟದಲ್ಲಿ ಮಾತ್ರ ‘27 ವರ್ಷ, ಮಾರಿ’ ಎಂಬ ಕೆಂಪು ಚೀಟಿ. ಆ ಸೀಸನ್‌ನಲ್ಲಿ ಅವರು ಓಡಿದ್ದು 2,005 ಯಾರ್ಡ್. ಒಂದೇ ಸೀಸನ್‌ನಲ್ಲಿ ಎರಡು ಸಾವಿರ ದಾಟಿದವರು ಎನ್‌ಎಫ್‌ಎಲ್ ಇತಿಹಾಸದಲ್ಲೇ ಅವರನ್ನು ಸೇರಿಸಿ ಒಂಬತ್ತು ಜನ. ಕೊನೆಯ ಪಂದ್ಯದಲ್ಲಿ ವಿಶ್ರಾಂತಿ ಕೊಡದಿದ್ದರೆ ಎರಿಕ್ ಡಿಕರ್ಸನ್ 1984ರಲ್ಲಿ ಬರೆದ 2,105ರ ದಾಖಲೆಯೂ ಹೋಗುತ್ತಿತ್ತೇನೋ. 2025ರ ಫೆಬ್ರವರಿ 9ರಂದು ಈಗಲ್ಸ್ 40–22ರಿಂದ ಚೀಫ್ಸ್ ತಂಡವನ್ನು ಸೋಲಿಸಿ ಸೂಪರ್ ಬೌಲ್ ಗೆದ್ದಿತು. ಅಂದೇ ಬಾರ್ಕ್ಲಿಯ ಇಪ್ಪತ್ತೆಂಟನೇ ಹುಟ್ಟುಹಬ್ಬ. ಮರುದಿನ ಬೆಳಿಗ್ಗೆ ಪುಟ ತೆರೆದರೆ ಚುಕ್ಕಿ ಒಂದು ಮನೆ ಬಲಕ್ಕೆ ಸರಿದಿತ್ತು, ಬೆಲೆ ಇಳಿದಿತ್ತು. ಕಪ್ ಗೆದ್ದ ಮರುದಿನ! ನನ್ನ ಕಾಫಿ ಆರಿಹೋಯಿತು.

ತಂಡ ಗೆಲ್ಲುವ ಹಂತದಲ್ಲಿದೆಯೋ ಮರುಕಟ್ಟುವ ಹಂತದಲ್ಲಿದೆಯೋ ಎಂದು ಆರಿಸಲು ಒಂದು ಗುಂಡಿ ಇದೆ. ‘ಗೆಲ್ಲಬೇಕು’ ಎಂದು ಒತ್ತಿದರೂ ಸಲಹೆ ಕೂದಲೆಳೆಯಷ್ಟೂ ಬದಲಾಗುವುದಿಲ್ಲ. ಈ ಬಗ್ಗೆ ಬರೆದು ಕೇಳಿದೆ. ನಮ್ಮ ಬೆಲೆಗಳು ಮಾರುಕಟ್ಟೆಯ ಬೆಲೆಗಳು, ಅಂಕಗಳ ಮುನ್ಸೂಚನೆಯಲ್ಲ ಎಂಬ ಸಭ್ಯ ಉತ್ತರ ಬಂತು. ಹಾಗಾದರೆ ಆ ಗುಂಡಿ ಯಾಕೆ ಇಟ್ಟಿರಿ ಎಂದು ಮತ್ತೆ ಬರೆದೆ. ಅದಕ್ಕೆ ಉತ್ತರ ಇನ್ನೂ ಬರಬೇಕು.

ನ್ಯಾಯವಾಗಿ ಹೇಳಬೇಕಾದ ಇನ್ನೊಂದು ಮಾತೂ ಇದೆ. ಕ್ರಿಶ್ಚಿಯನ್ ಮಕ್ಯಾಫ್ರಿ 2023ರಲ್ಲಿ 1,459 ಯಾರ್ಡ್ ಓಡಿ ಲೀಗ್‌ಗೇ ಮೊದಲಿಗರಾದಾಗಲೂ ಸೇವೆ ‘ಮಾರಿ’ ಎಂದೇ ಹೇಳುತ್ತಿತ್ತು. ಮುಂದಿನ ವರ್ಷ ಅವರು ಗಾಯಗಳಿಂದ ಆಡಿದ್ದು ನಾಲ್ಕೇ ಪಂದ್ಯ. ಅವರನ್ನು ಇಟ್ಟುಕೊಂಡಿದ್ದ ನಮ್ಮ ಲೀಗ್‌ನ ಚಾಂಪಿಯನ್ ಆ ವರ್ಷ ತಳ ಕಂಡ. ರನ್ನಿಂಗ್ ಬ್ಯಾಕ್‌ಗಳ ಆಯಸ್ಸು ಚಿಕ್ಕದು ಎಂಬ ಮಾತು ಸುಳ್ಳಲ್ಲ. ಆದರೆ ಎಲ್ಲ ಹಳಬರಿಗೂ ಒಂದೇ ಮಾತು ಹೇಳುವ ಯಂತ್ರ ಒಮ್ಮೊಮ್ಮೆ ಸರಿಯಾಗಿಯೇ ಹೇಳಿರುತ್ತದೆ. ಅದಕ್ಕೆ ನಲವತ್ತು ಡಾಲರ್ ಯಾಕೆ?

ಇದಕ್ಕಿಂತ ಬೇಸರ ತರಿಸಿದ್ದು ಮಾತುಕತೆ ಸತ್ತದ್ದು. ಮೊದಲೆಲ್ಲ ಟ್ರೇಡ್ ಎಂದರೆ ಊಟದ ವಿರಾಮ ಪೂರ್ತಿ ಚೌಕಾಶಿ. ಈಗ ಹನ್ನೆರಡು ಜನರಲ್ಲಿ ಹೆಚ್ಚಿನವರ ಫೋನಿನಲ್ಲಿ ಇದೇ ಅಥವಾ ಇಂಥದ್ದೇ ಕ್ಯಾಲ್ಕುಲೇಟರ್. ಏನು ಕೇಳಿದರೂ ಉತ್ತರವಾಗಿ ಒಂದು ಸ್ಕ್ರೀನ್‌ಶಾಟ್ ಬರುತ್ತದೆ. ದಾವಣಗೆರೆಯ ಗೆಳೆಯ ಬಾರ್ಕ್ಲಿಯನ್ನು ಕೇಳುತ್ತಾ, ಬೆಂಚಿನ ಮೇಲೆ ಕೂರುವ ಮೂವರು ಎಳೆಯರನ್ನು ಕೊಡುತ್ತೇನೆಂದ. ಕೆಳಗೆ ಚಿತ್ರ: ನನ್ನ ಕಡೆ ಹಸಿರು, ಹನ್ನೆರಡು ಪ್ರತಿಶತ ಲಾಭ. “ಅಣ್ಣಾ, ನೋಡಿ, ನಿಮಗೇ ಲಾಭ, ಮೆಷಿನ್ನೇ ಹೇಳುತ್ತಿದೆ.” “ಈ ಮೂವರನ್ನು ಸೇರಿಸಿ ಒಬ್ಬನನ್ನಾಗಿ ಇಳಿಸಲು ಲೀಗ್‌ನಲ್ಲಿ ಅವಕಾಶ ಇದೆಯೇನಪ್ಪಾ?” ಎಂದು ಕೇಳಿದೆ. ಅವನು ಎರಡು ದಿನ ಮಾತಾಡಲಿಲ್ಲ.

ಹೀಗೆ ಸಿಟ್ಟಿನಲ್ಲೇ ಇದ್ದಾಗ, 2024ರ ಆಗಸ್ಟ್‌ನಲ್ಲಿ, ಸೇವೆಯನ್ನು ತಿರುವಿ ಹಿಡಿದರೆ ಹೇಗೆ ಎಂದು ಹೊಳೆಯಿತು. ಅದು ಹೇಳುವುದು ಆಟಗಾರನ ಯೋಗ್ಯತೆಯನ್ನಲ್ಲ, ಉಳಿದ ಹನ್ನೊಂದು ಜನರ ಅಂಜಿಕೆಯನ್ನು. ಅಂಜಿಕೆಯ ಪಟ್ಟಿ ಕೈಯಲ್ಲಿದ್ದರೆ ಕೊಳ್ಳುವವನಿಗೆ ಅನುಕೂಲವೇ. ರನ್ನಿಂಗ್ ಬ್ಯಾಕ್ ಡೆರಿಕ್ ಹೆನ್ರಿ ಆಗ ಮೂವತ್ತರವರು. ಟೈಟನ್ಸ್‌ನಿಂದ ರೇವನ್ಸ್‌ಗೆ ಹೊಸದಾಗಿ ಬಂದಿದ್ದರು. ಅಲ್ಲಿನ ಕ್ವಾರ್ಟರ್‌ಬ್ಯಾಕ್ ಲಮಾರ್ ಜಾಕ್ಸನ್ ಓಡಿಯಾರೆಂಬ ಭಯಕ್ಕೆ ಎದುರಾಳಿಗಳು ಚದುರಿದ ಮೈದಾನ, ಅದರ ನಡುವೆ ಹೆನ್ರಿ. ಪುಟದಲ್ಲಿ ಮಾತ್ರ ಅವರು ಕೆಂಪು ನೆಲದ ತುದಿಗೆ ತಳ್ಳಿದ ಚುಕ್ಕಿ. ತಂಡವನ್ನು ಮರುಕಟ್ಟುತ್ತಿದ್ದ ಸಹೋದ್ಯೋಗಿಯೊಬ್ಬ ಒಂದು ಎರಡನೇ ಸುತ್ತಿನ ಪಿಕ್‌ಗೆ ಅವರನ್ನು ಕೊಟ್ಟ. ಲಾಭ ತನ್ನದೆಂದು ಅವನೇ ಸ್ಕ್ರೀನ್‌ಶಾಟ್ ಹಾಕಿದ್ದ. ಹೆನ್ರಿ ಆ ವರ್ಷ 1,921 ಯಾರ್ಡ್ ಓಡಿ 16 ಟಚ್‌ಡೌನ್ ಹೊಡೆದರು. ನಾನು ಫೈನಲ್ ತಲುಪಿದೆ. ಸೋತೆ, ಅದು ಬೇರೆ ಕಥೆ.

ಪಿಕ್‌ಗಳಿಗೂ ಇದೇ ಕ್ರಮ ಅನ್ವಯಿಸುತ್ತದೆ. ಏಪ್ರಿಲ್ ಬಂತೆಂದರೆ ಹೊಸಬರ ಹುಚ್ಚು ಏರಿ ಮೊದಲ ಸುತ್ತಿನ ಪಿಕ್‌ನ ಬೆಲೆ ಆಕಾಶ ಮುಟ್ಟುತ್ತದೆ, ಯಾಕೆಂದರೆ ಪಿಕ್‌ಗೆ ಇನ್ನೂ ಮುಖವಿಲ್ಲ, ಗಾಯವಿಲ್ಲ, ಕ್ಯಾಚ್ ಬಿಟ್ಟ ಚರಿತ್ರೆಯಿಲ್ಲ. ಅಕ್ಟೋಬರ್‌ನಲ್ಲಿ ಗೆಲುವಿನ ಹಸಿವಿದ್ದವರು ಅದೇ ಪಿಕ್ಕನ್ನು ಅಗ್ಗಕ್ಕೆ ಬಿಡುತ್ತಾರೆ. ಈ ಏರಿಳಿತದ ನಕ್ಷೆಯನ್ನು ಸೇವೆ ಚೆನ್ನಾಗಿ ಬರೆಯುತ್ತದೆ. ಆದ್ದರಿಂದ ನನ್ನ ಯೋಜನೆ ಸರಳ: ವಸಂತದಲ್ಲಿ ಪಿಕ್ ಮಾರು, ಶರತ್ಕಾಲದಲ್ಲಿ ಕೊಳ್ಳು, ನಡುವೆ ಎಲ್ಲರೂ ಬಿಸಾಡಿದ ಹಳಬರನ್ನು ಎತ್ತಿಕೋ.

ಅದು ತೋರಿಸದ್ದನ್ನು ಒಂದು ಸ್ಪ್ರೆಡ್‌ಶೀಟ್‌ನಲ್ಲಿ ನಾನೇ ಬರೆದುಕೊಳ್ಳುತ್ತೇನೆ. ಮುಖ್ಯವಾಗಿ ಒಪ್ಪಂದ ಮುಗಿಯುವ ವರ್ಷ. ಡ್ರಾಫ್ಟ್‌ನಲ್ಲಿ ಬಂದವರ ಮೊದಲ ಒಪ್ಪಂದ ನಾಲ್ಕು ವರ್ಷದ್ದು. ಮೊದಲ ಸುತ್ತಿನವರನ್ನು ತಂಡ ಐದನೇ ವರ್ಷಕ್ಕೂ ಉಳಿಸಿಕೊಳ್ಳಬಹುದು. ಒಪ್ಪಂದ ಮುಗಿದ ಮಾರ್ಚ್‌ನಲ್ಲಿ ರನ್ನಿಂಗ್ ಬ್ಯಾಕ್‌ಗಳ ಹಣೆಬರಹ ತಿರುಗುತ್ತದೆ. ಬಾರ್ಕ್ಲಿ, ಹೆನ್ರಿ ಇಬ್ಬರೂ ತಂಡ ಬದಲಿಸಿದ್ದು ಒಂದೇ ಮಾರ್ಚ್‌ನಲ್ಲಿ. ಭವಿಷ್ಯ ಹೇಳುವ ಪುಟದಲ್ಲಿ ಒಪ್ಪಂದಕ್ಕೊಂದು ಕಾಲಮ್ ಇಲ್ಲವೆಂದರೆ ಅದು ಹೇಳುವ ಭವಿಷ್ಯ ಯಾವುದು? ಎಷ್ಟನೇ ಸುತ್ತಿನಲ್ಲಿ ಆಯ್ಕೆಯಾದರು ಎಂಬುದನ್ನೂ ಬರೆದಿಡುತ್ತೇನೆ. ಮೊದಲ ಸುತ್ತಿನವನು ಎಡವಿದರೂ ಅವನ ತಂಡ ಎರಡು ವರ್ಷ ಕಾಯುತ್ತದೆ, ಆರನೇ ಸುತ್ತಿನವನಿಗೆ ಆ ತಾಳ್ಮೆ ಸಿಗುವುದಿಲ್ಲ.

ಇನ್ನು ಹಣದ ಮಾತು. ನಮ್ಮ ಲೀಗ್‌ನ ವರ್ಷದ ಶುಲ್ಕವೇ ಐವತ್ತು ಡಾಲರ್. ಅದರ ಪಕ್ಕದಲ್ಲಿ ನಲವತ್ತರ ಚಂದಾ ಕಂಡು ಮನೆಯಾಕೆ, “ಗೆದ್ದರೂ ನಷ್ಟವೇನ್ರೀ?” ಎಂದು ಕೇಳಿದ್ದಳು, ಸಮರ್ಪಕ ಉತ್ತರ ನನ್ನಲ್ಲಿರಲಿಲ್ಲ. ಲೀಗ್ ನಡೆಸುವ ಆ್ಯಪ್ ಉಚಿತ, ಆಟಗಾರರ ಸುದ್ದಿಯೂ ಅಲ್ಲೇ ಬರುತ್ತದೆ. ತಿಂಗಳಿಗೆ ಆರು ಡಾಲರ್‌ನ ಯೋಜನೆಯೂ ಇದೆ. ಆದ್ದರಿಂದ ವಾರ್ಷಿಕ ಚಂದಾ ನಿಲ್ಲಿಸಿದ್ದೇನೆ. ಪಿಕ್ ಮಾರುವ ಏಪ್ರಿಲ್, ಮೇ, ಹಳಬರನ್ನು ಕೊಳ್ಳುವ ಆಗಸ್ಟ್, ಪಿಕ್ ಕೊಳ್ಳುವ ಅಕ್ಟೋಬರ್: ಈ ನಾಲ್ಕು ತಿಂಗಳಿಗೆ ಸಾಕು. ಹೊಸದಾಗಿ ಡೈನಾಸ್ಟಿ ಆಡುವವರು ಮೊದಲ ವರ್ಷ ಪೂರ್ತಿ ತೆಗೆದುಕೊಳ್ಳಲಿ, ವಯಸ್ಸಿನ ಪುಟಕ್ಕಾಗಿಯಾದರೂ. ನಿಮ್ಮ ಲೀಗ್‌ನಲ್ಲಿ ಎಲ್ಲರ ಬಳಿಯೂ ಇದೇ ಇದ್ದರೆ ಇನ್ನೂ ಒಳ್ಳೆಯದು. ಐದಕ್ಕೆ ಮೂರು ನಕ್ಷತ್ರ. ಆ ಗುಂಡಿ ಕೆಲಸ ಮಾಡಿದರೆ ನಾಲ್ಕು ಕೊಡುತ್ತೇನೆ.

2025ರ ಮೇ ತಿಂಗಳಲ್ಲಿ ರೇವನ್ಸ್ ತಂಡ ಹೆನ್ರಿಯ ಒಪ್ಪಂದವನ್ನು ಇನ್ನೂ ಎರಡು ವರ್ಷಕ್ಕೆ, 3 ಕೋಟಿ ಡಾಲರ್‌ಗೆ ವಿಸ್ತರಿಸಿತು. ಪುಟದಲ್ಲಿ ಅವರ ಬೆಲೆ ಒಂದಂಕಿಯೂ ಏರಿಲ್ಲ. ಅವರನ್ನು ಮಾರಿದ ಸಹೋದ್ಯೋಗಿ ಮೊನ್ನೆ ವಾಪಸು ಕೇಳಿದ. ಅವನ 2026ರ ಮೊದಲ ಸುತ್ತಿನ ಪಿಕ್ ಕೊಡು ಎಂದಿದ್ದೇನೆ. ಸ್ಕ್ರೀನ್‌ಶಾಟ್ ಕಳಿಸಿದ್ದಾನೆ.